ಮನೆಯಲ್ಲೇ ಕೂತು ಹಳೇ ಆಟಿಕೆ ಹರಾಜಿನಲ್ಲಿ ಕೊಳ್ಳುವುದು ಹೇಗೆ? ಹಾಸನ, ಚಿಕ್ಕಮಗಳೂರು ಕಡೆಯವರಿಗೆ

2021ರಲ್ಲಿ ಕೊರೊನಾ ಎರಡನೇ ಅಲೆಯ ಲಾಕ್‌ಡೌನ್ ಶುರುವಾದಾಗಿನಿಂದ ಒಂದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಬರುತ್ತಿದೆ. ಸಕಲೇಶಪುರದವರು ಕೇಳುತ್ತಾರೆ, ಕಡೂರಿನವರು ಕೇಳುತ್ತಾರೆ, ಅರಸೀಕೆರೆಯವರೂ ಕೇಳುತ್ತಾರೆ: "ಹಳೇ ಆಟಿಕೆ ಆನ್‌ಲೈನ್ ಹರಾಜಿನಲ್ಲಿ ಸಿಗುತ್ತಂತಲ್ಲ, ಕೊಳ್ಳೋದು ಹೇಗೆ? ಮೋಸ ಆಗಲ್ವಾ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಹರಾಜಿನಲ್ಲಿ ಗೆಲ್ಲುವುದು ಕಷ್ಟವಲ್ಲ. ದುಡ್ಡಿದ್ದರೆ ಯಾರು ಬೇಕಾದರೂ ಗೆಲ್ಲಬಹುದು. ಮುಟ್ಟಿ ನೋಡದೆ ಸರಿಯಾದ ವಸ್ತು ಆರಿಸುವುದು ಕಷ್ಟ. ಅದನ್ನು ಮನೆವರೆಗೆ ತರುವುದು, ನಮ್ಮ ಮಳೆಯಲ್ಲಿ ಹಾಳಾಗದಂತೆ ಇಡುವುದು ಇನ್ನೂ ಕಷ್ಟ. ಅದಕ್ಕೇ ಕೂಗುವ ಭಾಗಕ್ಕಿಂತ ಅದರ ಹಿಂದಿನ, ಮುಂದಿನ ಕೆಲಸಗಳ ಬಗ್ಗೆ ಇಲ್ಲಿ ಜಾಸ್ತಿ ಇದೆ.

ಬೇಕಾದದ್ದು ಇಷ್ಟು: ಚೆನ್ನಾಗಿ ಹಿಗ್ಗಿಸಿ ನೋಡಬಹುದಾದ ಫೋನ್ ಅಥವಾ ಕಂಪ್ಯೂಟರ್, ಆನ್‌ಲೈನ್ ವ್ಯವಹಾರಕ್ಕೆ ತೆರೆದಿರುವ ಕಾರ್ಡ್, ಒಂದು ನೋಟ್‌ಬುಕ್, ತಾಳ್ಮೆ. ಭೂತಗನ್ನಡಿ ಆಮೇಲೆ ಕೊಂಡರೂ ಆಯಿತು.

1. ಏನು ಬೇಕು ಅಂತ ಮೊದಲು ತೀರ್ಮಾನಿಸಿ

"ಹಳೇ ಆಟಿಕೆ" ಅಂತ ಹುಡುಕಿದರೆ ಸಮುದ್ರವೇ ಎದುರಾಗುತ್ತದೆ. ಒಂದು ಬಗೆ ಆರಿಸಿ, ಕೆಲವು ತಿಂಗಳು ಅದನ್ನೇ ನೋಡಿ. ಸಾಮಾನ್ಯವಾಗಿ ಸಿಗುವ ಬಗೆಗಳು ಇವು:

ತಗಡಿನ ಆಟಿಕೆ. ತಗಡಿನ ಮೇಲೆ ಬಣ್ಣದ ಚಿತ್ರ ಅಚ್ಚು ಹಾಕಿ, ಮಡಿಸಿ, ಒಳಗೆ ಸ್ಪ್ರಿಂಗ್ ಕೂರಿಸಿ ಮಾಡಿದ್ದು. ಕೀ ಕೊಟ್ಟರೆ ಓಡುತ್ತದೆ. ಮೊದಲು ಜರ್ಮನಿಯ ನ್ಯೂರೆಂಬರ್ಗ್ ಇದಕ್ಕೆ ಹೆಸರುವಾಸಿಯಾಗಿತ್ತು. ಎರಡನೇ ಮಹಾಯುದ್ಧದ ನಂತರ ಜಪಾನ್ ಮುಂದೆ ಬಂತು.

ಡೈಕಾಸ್ಟ್ ಕಾರು. ಕರಗಿದ ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಒತ್ತಡದಲ್ಲಿ ತುಂಬಿ ಮಾಡಿದ ಪುಟ್ಟ ವಾಹನಗಳಿಗೆ ಈ ಹೆಸರು. ಬ್ರಿಟನ್ನಿನ ಬ್ರಾಂಡುಗಳಲ್ಲಿ ಡಿಂಕಿ 1934ರಲ್ಲಿ, ಮ್ಯಾಚ್‌ಬಾಕ್ಸ್ 1953ರಲ್ಲಿ, ಕಾರ್ಗಿ 1956ರಲ್ಲಿ ಮಾರುಕಟ್ಟೆಗೆ ಬಂದವು. ಡಿಂಕಿಯ ಕೆಲವು ಹಳೇ ಅಚ್ಚುಗಳು ಕಲ್ಕತ್ತಕ್ಕೆ ಬಂದು "ನಿಕಿ ಟಾಯ್ಸ್" ಹೆಸರಿನಲ್ಲಿ ಕಾರುಗಳಾದವು. ಹೊಸಬರು ಇಂಥವುಗಳಿಂದ ಶುರು ಮಾಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ದೇಶದೊಳಗೇ ಸಿಗುತ್ತವೆ, ಕಸ್ಟಮ್ಸ್ ತಲೆನೋವು ಇಲ್ಲ.

ರೈಲು ಮತ್ತು ಜೋಡಿಸುವ ಸೆಟ್. 1920ರಲ್ಲಿ ಶುರುವಾದ ಹಾರ್ನ್‌ಬಿ ರೈಲು, ಅದೇ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಪೇಟೆಂಟ್ ಪಡೆದ ಮೆಕ್ಯಾನೋ. ನಮ್ಮ ಕಡೆಯ ಹಳೇ ಎಸ್ಟೇಟ್ ಬಂಗಲೆಗಳ ಅಟ್ಟದಲ್ಲಿ ಇಂಥವು ಇದ್ದರೂ ಇರಬಹುದು. ಹೊರದೇಶದ ಹರಾಜಿಗೆ ಕೈ ಹಾಕುವ ಮೊದಲು ಪರಿಚಯದ ತೋಟದ ಮನೆಯವರನ್ನು ಒಂದು ಮಾತು ಕೇಳಿ ನೋಡಿ.

ಮರದ ಗೊಂಬೆ. ಚನ್ನಪಟ್ಟಣದ ಅರಗಿನ ಆಟಿಕೆ, ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ, ದಸರೆಯ ಪಟ್ಟದ ಗೊಂಬೆ. ಇಲ್ಲೊಂದು ಎಚ್ಚರಿಕೆ. ಚನ್ನಪಟ್ಟಣದಲ್ಲಿ ಅದೇ ಮಾದರಿಗಳನ್ನು ಈಗಲೂ ಮಾಡುತ್ತಾರೆ. ಫೋಟೋ ನೋಡಿ "ಇದು 80 ವರ್ಷ ಹಳೆಯದು" ಅಂತ ಹೇಳುವುದು ತುಂಬಾ ಕಷ್ಟ. ಯಾರ ಮನೆಯದು, ಎಲ್ಲಿಂದ ಬಂತು ಅನ್ನುವ ವಿವರ ಇಲ್ಲದಿದ್ದರೆ ಹಳೆಯದಕ್ಕೆ ಕೊಡುವ ಬೆಲೆ ಕೊಡಬೇಡಿ.

2. ವಯಸ್ಸು ಗುರುತಿಸುವುದನ್ನು ಕಲಿಯಿರಿ

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡದೆ ಕೊಳ್ಳುತ್ತಾರಾ? ಆಟಿಕೆಗೂ ನೋಡಬೇಕಾದ ಜಾಗಗಳಿವೆ. ಅಡಿಭಾಗ, ಡಬ್ಬ, ಸ್ಕ್ರೂ, ಚಕ್ರ.

ದೇಶದ ಹೆಸರು ನೋಡಿ. ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕು ಅನ್ನುವ ನಿಯಮ 1891ರಿಂದ ಜಾರಿಗೆ ಬಂತು. "ಆಕ್ಯುಪೈಡ್ ಜಪಾನ್" ಅಂತ ಅಚ್ಚಾಗಿದ್ದರೆ ಅದು ಯುದ್ಧ ಮುಗಿದ ಮೇಲಿನದು, 1952ಕ್ಕಿಂತ ಹಿಂದಿನದು. ಆ ವರ್ಷ ಜಪಾನಿನ ಮೇಲಿನ ಮಿತ್ರರಾಷ್ಟ್ರಗಳ ಆಡಳಿತ ಮುಗಿಯಿತು. "ವೆಸ್ಟರ್ನ್ ಜರ್ಮನಿ" ಅಂತಿದ್ದರೆ 1949ಕ್ಕಿಂತ ಹಳೆಯದಲ್ಲ. ಮಾರುವವರು ಅದನ್ನೇ "1930ರ ಜರ್ಮನ್ ಆಟಿಕೆ" ಅಂತ ಬರೆದಿದ್ದರೆ ಮುಂದಿನದಕ್ಕೆ ಹೋಗಿ.

ಭಾರತದ ಡಬ್ಬಗಳಲ್ಲಿ ನಮಗೆ ಗೊತ್ತಿರುವ ಗುರುತುಗಳೇ ಇರುತ್ತವೆ. ಬೆಲೆ ಆಣೆಯಲ್ಲಿದ್ದರೆ 1957ರ ದಶಮಾಂಶ ನಾಣ್ಯಗಳಿಗಿಂತ ಹಿಂದಿನದು ಅಂತ ಅಂದಾಜಿಸಬಹುದು. "ನಯಾ ಪೈಸೆ" ಅಂತಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ. "ಮೈಸೂರು ರಾಜ್ಯ" ಅಂತಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದು. ಬಾರ್‌ಕೋಡ್ ಇದ್ದರಂತೂ ಮಾತೇ ಬೇಡ, ಅಂಗಡಿಯಲ್ಲಿ ಮೊದಲ ಬಾರ್‌ಕೋಡ್ ಸ್ಕ್ಯಾನ್ ಆದದ್ದೇ 1974ರಲ್ಲಿ.

ಸ್ಕ್ರೂ ತಲೆ ನೋಡಿ. ಪ್ಲಸ್ ಗುರುತಿನ ಸ್ಕ್ರೂ 1930ರ ದಶಕದಲ್ಲಿ ಬಂದದ್ದು. "1910ರ ಆಟಿಕೆ" ಅನ್ನುವುದರಲ್ಲಿ ಅದು ಕಂಡರೆ, ಒಂದೋ ಆಮೇಲೆ ರಿಪೇರಿ ಆಗಿದೆ, ಇಲ್ಲವೋ ಹೊಸದಾಗಿ ಮಾಡಿದ ನಕಲು.

ಅಡಿಯಲ್ಲಿರುವ ಇಸವಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಹಾಟ್ ವೀಲ್ಸ್ ಕಾರಿನ ಅಡಿಯಲ್ಲಿ ಇರುವುದು ಆ ವಿನ್ಯಾಸದ ಹಕ್ಕಿನ ಇಸವಿ. ಅದೇ ಅಚ್ಚಿನಲ್ಲಿ ಎಷ್ಟೋ ವರ್ಷ ಕಾರು ಹೊರಬಂದಿರುತ್ತವೆ. ಮ್ಯಾಚ್‌ಬಾಕ್ಸ್‌ನಲ್ಲಾದರೆ ಚಕ್ರ ನೋಡಿ. ಸುಲಭವಾಗಿ ಓಡುವ "ಸೂಪರ್‌ಫಾಸ್ಟ್" ಚಕ್ರಗಳು ಬಂದದ್ದು 1969ರಲ್ಲಿ. ಮೆಕ್ಯಾನೋ ಬಿಡಿಭಾಗ ಕೆಂಪು, ಹಸಿರು ಬಣ್ಣದ್ದಾದರೆ 1926ರ ನಂತರದ್ದು. ಅದಕ್ಕೆ ಮುಂಚೆ ನಿಕಲ್ ಲೇಪನ ಇರುತ್ತಿತ್ತು.

ಯುದ್ಧಕ್ಕೆ ಮುಂಚಿನ ಡೈಕಾಸ್ಟ್ ಕೊಳ್ಳುವವರು "ಜಿಂಕ್ ಪೆಸ್ಟ್" ಅನ್ನುವ ಕಾಯಿಲೆ ತಿಳಿದಿರಬೇಕು. ಸತುವಿನ ಮಿಶ್ರಲೋಹಕ್ಕೆ ಸೀಸದಂಥ ಕಲ್ಮಶ ಸೇರಿದ್ದರೆ ಲೋಹ ಒಳಗಿನಿಂದಲೇ ಬಿರುಕು ಬಿಟ್ಟು, ಉಬ್ಬಿ, ಕೊನೆಗೆ ಪುಡಿಯಾಗುತ್ತದೆ. ಇದಕ್ಕೆ ಮದ್ದಿಲ್ಲ. ತೇವ ಸಿಕ್ಕಿದರೆ ಇನ್ನೂ ಬೇಗ ಹರಡುತ್ತದೆ. ಫೋಟೋದಲ್ಲಿ ಕೂದಲೆಳೆಯಂಥ ಗೆರೆ, ಬಾಗಿದ ಅಡಿಭಾಗ, ಊದಿದ ಚಕ್ರ ಕಂಡರೆ ಬಿಟ್ಟುಬಿಡಿ, ಎಷ್ಟೇ ಅಗ್ಗವಿರಲಿ.

3. ಹರಾಜಿನ ಪದಗಳು

ಏಲಕ್ಕಿ, ಕಾಫಿ ಮಾರಿದವರಿಗೆ ಲಾಟ್ ಅಂದರೆ ಹೇಳಬೇಕಾಗಿಲ್ಲ. ಒಂದೇ ಬಿಡ್‌ಗೆ ಮಾರುವ ವಸ್ತು ಅಥವಾ ವಸ್ತುಗಳ ಗುಂಪು ಅದು. ಉಳಿದವು: ರಿಸರ್ವ್ ಅಂದರೆ ಮಾರುವವರು ಗುಟ್ಟಾಗಿ ಇಟ್ಟ ಕನಿಷ್ಠ ಬೆಲೆ, ಅದಕ್ಕಿಂತ ಕಡಿಮೆಗೆ ಕೊಡುವುದಿಲ್ಲ. ಹ್ಯಾಮರ್ ಪ್ರೈಸ್ ಅಂದರೆ ಕೊನೆಗೆ ನಿಂತ ಕೂಗು. ಬೈಯರ್ಸ್ ಪ್ರೀಮಿಯಂ ಅಂದರೆ ಆ ಬೆಲೆಯ ಮೇಲೆ ಹರಾಜು ಸಂಸ್ಥೆ ಕೊಳ್ಳುವವರಿಂದ ತೆಗೆದುಕೊಳ್ಳುವ ಕಮಿಷನ್. ಮಿಂಟ್ ಅಂದರೆ ಕಾರ್ಖಾನೆಯಿಂದ ಬಂದಂತೆಯೇ ಇರುವುದು. ರಿಸ್ಟೋರ್ಡ್ ಅಂದರೆ ಬಣ್ಣ ಬಳಿದು ಅಥವಾ ಭಾಗ ಬದಲಿಸಿ ಸರಿಮಾಡಿದ್ದು, ರೀಪ್ರೊ ಅಂದರೆ ಹೊಸದಾಗಿ ಮಾಡಿದ ನಕಲು. ಎಷ್ಟೋ ಸಲ ಕಾರು ಅಸಲಿ ಇರುತ್ತದೆ, ಡಬ್ಬ ಮಾತ್ರ ರೀಪ್ರೊ. ಡಬ್ಬಕ್ಕೇ ಅರ್ಧ ಬೆಲೆ ಹೋಗುವ ಹವ್ಯಾಸ ಇದು. ಹಾಗಾಗಿ ಆ ಒಂದು ಪದವನ್ನು ಕಣ್ಣು ಬಿಟ್ಟು ಹುಡುಕಿ.

"ಆ್ಯಸ್ ಈಸ್" ಅಂತ ಬರೆದಿದ್ದರೆ ಇದ್ದದ್ದು ಇದ್ದ ಹಾಗೇ ತಗೊಳ್ಳಿ, ವಾಪಸ್ ಇಲ್ಲ ಅಂತ ಅರ್ಥ.

4. ಕೈ ಮಾಡಬೇಕಾದ ಕೆಲಸವನ್ನು ಪ್ರಶ್ನೆಯಿಂದ ಮಾಡಿಸಿ

ಬೆಂಗಳೂರಿಗೋ ಮುಂಬೈಗೋ ಹೋದರೆ ಎತ್ತಿ ನೋಡಬಹುದು. ಮನೆಯಲ್ಲೇ ಕೂತು ಕೊಳ್ಳುವಾಗ ಅದಿಲ್ಲ. ಮುಖ್ಯ ಅಂದರೆ, ಮಾರುವವರಿಗೂ ನಿಮ್ಮ ಕಷ್ಟ ಗೊತ್ತು. ಕೇಳಿದರೆ ಕೊಡುತ್ತಾರೆ, ಕೊಡದವರಿಂದ ಕೊಳ್ಳಬೇಡಿ.

ಹಗಲು ಬೆಳಕಿನಲ್ಲಿ ಆರು ಕಡೆಯಿಂದಲೂ ಫೋಟೋ ಕೇಳಿ. ಅಡಿಭಾಗ ಮತ್ತು ಕೀಲುಗಳ ಹತ್ತಿರದ ಫೋಟೋ ಬೇರೆಯಾಗಿ ಕೇಳಿ. ಕೀ ಕೊಡುವ ಆಟಿಕೆಯಾದರೆ ಓಡುವ ವಿಡಿಯೋ ಬೇಕು. ಬ್ಯಾಟರಿಯದ್ದಾದರೆ ಬ್ಯಾಟರಿ ಗೂಡಿನ ಫೋಟೋ ಬೇಕು, ಹಳೇ ಬ್ಯಾಟರಿ ಸೋರಿದರೆ ಒಳಗಿನ ತಗಡನ್ನು ತಿಂದುಹಾಕಿರುತ್ತದೆ. ಬಣ್ಣ ಮೂಲದ್ದೇ, ಟೈರು ಬದಲಾಗಿದೆಯೇ, ಕೀ ಜೊತೆಗೇ ಬರುತ್ತದೆಯೇ ಅಂತ ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ಫೋನಿನಲ್ಲಿ ಹೇಳಿದ್ದು ಆಮೇಲೆ ಕೆಲಸಕ್ಕೆ ಬರುವುದಿಲ್ಲ.

ವಾಟ್ಸಾಪ್ ಗುಂಪು, ಫೇಸ್‌ಬುಕ್ ಹರಾಜುಗಳಲ್ಲಿ ಇನ್ನೊಂದು ಕೆಲಸ ಮಾಡಿ. ಅವರ ಫೋಟೋವನ್ನು ಚಿತ್ರದಿಂದಲೇ ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ. ಅದೇ ಚಿತ್ರ ಬೇರೆ ದೇಶದ ಹಳೇ ಹರಾಜಿನಲ್ಲಿ ಸಿಕ್ಕರೆ ಮೋಸ. ಅನುಮಾನ ಇದ್ದರೆ, ಇವತ್ತಿನ ತಾರೀಕು ಬರೆದ ಚೀಟಿಯನ್ನು ಆಟಿಕೆ ಪಕ್ಕ ಇಟ್ಟು ಫೋಟೋ ಕಳಿಸಿ ಅನ್ನಿ. ವಸ್ತು ಕೈಯಲ್ಲಿ ಇರುವವರು ಎರಡು ನಿಮಿಷದಲ್ಲಿ ಕಳಿಸುತ್ತಾರೆ.

ದಂತ ಇರುವ ಯಾವುದನ್ನೂ ಮುಟ್ಟಬೇಡಿ. ಗೊಂಬೆಯ ಕಣ್ಣಿರಲಿ, ಪಗಡೆ ಕಾಯಿ ಇರಲಿ, ಹಳೆಯದು ಅನ್ನುವ ಕಾರಣಕ್ಕೆ ವ್ಯಾಪಾರಕ್ಕೆ ವಿನಾಯಿತಿ ಸಿಗುವುದಿಲ್ಲ. ವನ್ಯಜೀವಿ ಕಾಯ್ದೆಯಡಿ ಕೇಸಾಗುತ್ತದೆ.

5. ಪೂರ್ತಿ ಲೆಕ್ಕ ಮೊದಲೇ ಹಾಕಿ

ಬ್ರಿಟನ್ನಿನ ಹರಾಜಿನಲ್ಲಿ ಒಂದು ಕಾರಿಗೆ 60 ಪೌಂಡ್ ಕೂಗಿ ಗೆದ್ದಿರಿ ಅಂದುಕೊಳ್ಳಿ. ಪೌಂಡ್‌ಗೆ 100 ರೂಪಾಯಿ ಲೆಕ್ಕ ಇಟ್ಟುಕೊಂಡರೆ 6,000 ರೂಪಾಯಿ. ಶೇ 20 ಪ್ರೀಮಿಯಂ ಇದ್ದರೆ 1,200. ಪ್ರೀಮಿಯಂ ಮೇಲೆ ಅಲ್ಲಿಯ ತೆರಿಗೆ ಶೇ 20, ಅಂದರೆ 240. ಆನ್‌ಲೈನ್ ವೇದಿಕೆಯ ಶುಲ್ಕ ಶೇ 5 ಇದ್ದರೆ ತೆರಿಗೆ ಸೇರಿ 360. ಅಂಚೆ ಮತ್ತು ಪ್ಯಾಕಿಂಗ್ 2,500. ವಿದೇಶಿ ಹಣಕ್ಕೆ ಕಾರ್ಡಿನವರು ಹಿಡಿಯುವುದು ಶೇ 3.5 ಆದರೆ ಸುಮಾರು 360. ಆರು ಸಾವಿರದ ಕಾರು ಹತ್ತು ಸಾವಿರದ ಆರುನೂರು ದಾಟಿತು. ಇನ್ನೂ ಭಾರತದ ಕಸ್ಟಮ್ಸ್ ಬಂದಿಲ್ಲ!

2020ರ ಬಜೆಟ್‌ನಲ್ಲಿ ಆಟಿಕೆಗಳ ಮೂಲ ಆಮದು ಸುಂಕ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯಿತು. ಅದರ ಮೇಲೆ ಸರ್‌ಚಾರ್ಜ್ ಮತ್ತು ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) ಸೇರುತ್ತವೆ. ಸುಂಕ ಲೆಕ್ಕ ಹಾಕುವಾಗ ಅಂಚೆ ವೆಚ್ಚವನ್ನೂ ಬೆಲೆಗೆ ಸೇರಿಸುತ್ತಾರೆ. ಹಾಗಾಗಿ ಕೊಟ್ಟ ದುಡ್ಡಿನಷ್ಟೇ ಮತ್ತೆ ಸುಂಕ ಬಂದರೂ ತಡೆದುಕೊಳ್ಳುವಂತಿದ್ದರೆ ಮಾತ್ರ ಹೊರದೇಶದಲ್ಲಿ ಕೂಗಿ. ಇದು ನನ್ನ ಖಡಾಖಂಡಿತ ಸಲಹೆ.

ಹೊರದೇಶದ ಕೆಲವರು "ಗಿಫ್ಟ್ ಅಂತ ಬರೆದು ಕಳಿಸ್ತೀವಿ, ಸುಂಕ ಬೀಳಲ್ಲ" ಅನ್ನುತ್ತಾರೆ. ಒಪ್ಪಬೇಡಿ. ಅಂಚೆ, ಕೊರಿಯರ್‌ನಲ್ಲಿ ಸುಂಕವಿಲ್ಲದೆ ಉಡುಗೊರೆ ತರಿಸುವ ದಾರಿ 2019ರ ಡಿಸೆಂಬರ್‌ನಲ್ಲೇ ಮುಚ್ಚಿದೆ. ಜೀವರಕ್ಷಕ ಔಷಧ ಮತ್ತು ರಾಖಿಗೆ ಮಾತ್ರ ವಿನಾಯಿತಿ. ಬೆಲೆ ಕಡಿಮೆ ಬರೆಸಿದರೆ ಪಾರ್ಸೆಲ್ ಕಳೆದಾಗ ವಿಮೆಯೂ ಅಷ್ಟೇ ಸಿಗುತ್ತದೆ.

6. ಕೂಗುವುದು

ನೋಟ್‌ಬುಕ್ಕಿನಲ್ಲಿ ನಿಮ್ಮ ಕೊನೇ ಬೆಲೆ ಬರೆದುಕೊಳ್ಳಿ. ಮೇಲಿನ ಖರ್ಚೆಲ್ಲ ಕಳೆದು ಉಳಿಯುವ ಮೊತ್ತ ಅದು. ಲಾಕ್‌ಡೌನ್‌ನಲ್ಲಿ ಹರಾಜಿನ ಹಾಲ್‌ಗೆ ಹೋಗಿ ಕೂರುತ್ತಿದ್ದವರೂ ಮನೆಯಲ್ಲಿ ಫೋನ್ ಹಿಡಿದು ಕೂತಿದ್ದರು. ಬೇಜಾರಿಗೆ ಕೂಗುವವರೂ ಇದ್ದಾರೆ. ಅವರ ಜೊತೆ ಜಿದ್ದಿಗೆ ಬೀಳಬೇಡಿ.

ನಮ್ಮ ಕಡೆಯವರಿಗೆ ಪ್ರಾಕ್ಸಿ ಬಿಡ್ ಒಳ್ಳೆಯದು. ನಿಮ್ಮ ಗರಿಷ್ಠ ಬೆಲೆ ಮೊದಲೇ ಹಾಕಿಟ್ಟರೆ, ಬೇರೆಯವರು ಕೂಗಿದಾಗಲೆಲ್ಲ ವ್ಯವಸ್ಥೆಯೇ ನಿಮ್ಮ ಪರವಾಗಿ ಒಂದೊಂದು ಮೆಟ್ಟಿಲು ಏರಿಸುತ್ತದೆ. ಲಂಡನ್ನಿನ ರಾತ್ರಿ ಒಂಬತ್ತು ಅಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ ಒಂದೂವರೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದಲ್ಲಿ ಮಳೆ ಹಿಡಿದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಟವರ್ ಕೂಡ. ಕೊನೇ ಕ್ಷಣದಲ್ಲಿ ಕೂಗುತ್ತೇನೆ ಅಂತ ಕಾದು ಕೂತರೆ ಸುಮ್ನೆ ನಿದ್ದೆಗೇಡು.

ಒಂದೇ ಹೆಸರು ಅದೇ ಮಾರಾಟಗಾರರ ಎಲ್ಲ ವಸ್ತುಗಳಿಗೂ ಕೂಗಿ, ಯಾವುದನ್ನೂ ಗೆಲ್ಲದೆ ಬೆಲೆ ಮಾತ್ರ ಏರಿಸುತ್ತಿದ್ದರೆ ಅದು ಕಳ್ಳ ಕೂಗು. ಅಲ್ಲಿಂದ ಎದ್ದು ಬನ್ನಿ.

7. ಹಣ ಕಟ್ಟುವುದು

ಹೊಸ ಕಾರ್ಡುಗಳಲ್ಲಿ ವಿದೇಶಿ ಮತ್ತು ಆನ್‌ಲೈನ್ ಬಳಕೆ ತಾನಾಗಿ ತೆರೆದಿರುವುದಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ ನೀವೇ ಆ್ಯಪ್‌ನಲ್ಲಿ ಆನ್ ಮಾಡಬೇಕು. ಹರಾಜಿನ ಹಿಂದಿನ ದಿನವೇ ಮಾಡಿಡಿ, ಹಣ ಕಟ್ಟಿದ ಮೇಲೆ ಆಫ್ ಮಾಡಿ.

ದೇಶದೊಳಗೆ ಯುಪಿಐ ಸಲೀಸು. ಆದರೆ ಒಂದು ಮಾತು ನೆನಪಿರಲಿ, ಹಣ ಬರಬೇಕಾದರೆ ಪಿನ್ ಒತ್ತಬೇಕಾಗಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಾಗಿಲ್ಲ. "ಅಡ್ವಾನ್ಸ್ ವಾಪಸ್ ಕೊಡ್ತೀನಿ, ಇದನ್ನ ಸ್ಕ್ಯಾನ್ ಮಾಡಿ ಸಾರ್" ಅಂದರೆ ನಿಮ್ಮ ಖಾತೆಯಿಂದಲೇ ಹೋಗುತ್ತದೆ.

8. ಪಾರ್ಸೆಲ್ ದಾರಿ

ಹೊರದೇಶದ ಅಂಚೆಯ ಬಹುಪಾಲು ಪ್ರಯಾಣಿಕರ ವಿಮಾನಗಳ ಹೊಟ್ಟೆಯಲ್ಲೇ ಬರುತ್ತಿತ್ತು. 2020ರ ಮಾರ್ಚ್‌ನಲ್ಲಿ ಆ ವಿಮಾನಗಳು ನಿಂತ ಮೇಲೆ ಎಲ್ಲವೂ ನಿಧಾನವಾಗಿತ್ತು. ಆಗ ಎರಡು ವಾರಕ್ಕೆ ಬರುತ್ತಿದ್ದದ್ದು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿತ್ತು. ಪಾರ್ಸೆಲ್ ತಡವಾದರೆ ಗಾಬರಿಯಾಗಬೇಡಿ. ಟ್ರ್ಯಾಕಿಂಗ್ ಇಲ್ಲದ ಅಗ್ಗದ ಅಂಚೆ ಮಾತ್ರ ಬೇಡ. ತಲುಪಿಲ್ಲ ಅಂತ ದೂರು ಕೊಡಲು ವೇದಿಕೆಗಳಲ್ಲಿ ಗಡುವು ಇರುತ್ತದೆ. ಆ ತಾರೀಕು ಮೊದಲೇ ಬರೆದಿಡಿ, ಪಾರ್ಸೆಲ್ ಬರಲಿ ಬಿಡಲಿ ಗಡುವಿನೊಳಗೆ ದೂರು ಹಾಕಿ.

ಕೊರಿಯರ್ ಮೂಲಕ ಬಂದರೆ ಆಧಾರ್‌ನಂಥ ಗುರುತಿನ ದಾಖಲೆ ಕೇಳುತ್ತಾರೆ. ಬಿಲ್ಲಿನ ಪ್ರತಿ, ಹಣ ಕಟ್ಟಿದ ರಸೀದಿ ಒಂದೇ ಕಡೆ ಇಟ್ಟಿರಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. 1955ರ ಜಪಾನಿ ರೋಬೋಗೆ ಆ ಗುರುತು ಎಲ್ಲಿಂದ ಬರಬೇಕು ಹೇಳಿ! ಆದ್ದರಿಂದ ಬಿಲ್ಲಿನಲ್ಲಿ "ಆಟಿಕೆ" ಅಂತ ಒಂದೇ ಪದ ಬೇಡ. ತಯಾರಾದ ಅಂದಾಜು ಇಸವಿ, ಬಳಸಿದ್ದು, ಸಂಗ್ರಹಕ್ಕಾಗಿ, ಮಕ್ಕಳ ಆಟಕ್ಕಲ್ಲ ಅನ್ನುವ ವಿವರ ನಿಜವಾಗಿ, ಪೂರ್ತಿಯಾಗಿ ಬರೆಸಿ. ಆದರೂ ಕಸ್ಟಮ್ಸ್‌ನಲ್ಲಿ ನಿಲ್ಲುವ ಅಪಾಯ ಇದ್ದೇ ಇದೆ. ದುಬಾರಿ ವಸ್ತುವಾದರೆ ಕೂಗುವ ಮೊದಲೇ ಕಸ್ಟಮ್ಸ್ ಏಜೆಂಟರನ್ನು ವಿಚಾರಿಸಿ.

ಇನ್ನು ನಮ್ಮಲ್ಲಿಂದ ಹೊರಗೆ ಕಳಿಸುವ ವಿಷಯ. ನೂರು ವರ್ಷ ದಾಟಿದ ಕಲಾವಸ್ತು, ಕರಕುಶಲ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತವೆ. ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಅಜ್ಜಿ ಮನೆಯ ಪಟ್ಟದ ಗೊಂಬೆಗೆ ವಿದೇಶದಿಂದ ಒಳ್ಳೇ ಬೆಲೆ ಬಂದರೂ ಪಾರ್ಸೆಲ್ ಕಟ್ಟಬೇಡಿ.

9. ಬಿಚ್ಚುವುದು: ಸ್ಯಾನಿಟೈಸರ್ ದೂರ ಇಡಿ

ಕೊರೊನಾ ಕಾಲದಲ್ಲಿ ಹಳೇ ಆಟಿಕೆಗಳಿಗೆ ವೈರಸ್ಸಿಗಿಂತ ಸ್ಯಾನಿಟೈಸರ್‌ನಿಂದಲೇ ಅಪಾಯ ಜಾಸ್ತಿ ಇತ್ತು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಚನ್ನಪಟ್ಟಣದ ಗೊಂಬೆಗೆ ಒಮ್ಮೆ ಸ್ಪ್ರೇ ಹೊಡೆದರೆ ಹೊಳಪು ಹೋಗಿ ಬಣ್ಣ ಅಂಟಂಟಾಗುತ್ತದೆ. ಬ್ಲೀಚಿಂಗ್ ನೀರು ತಗಡಿಗೆ ತುಕ್ಕು ಹಿಡಿಸುತ್ತದೆ.

ಅದರ ಬದಲು ಪೆಟ್ಟಿಗೆಯನ್ನು ಮಳೆ ಬೀಳದ ಜಗಲಿಯಲ್ಲಿ ಮೂರು ದಿನ ಹಾಗೇ ಬಿಡಿ ಅಂತ ಆಗ ಹೇಳುತ್ತಿದ್ದೆ. 2020ರ ಪ್ರಯೋಗಾಲಯದ ಪರೀಕ್ಷೆಯಲ್ಲಿ ಕೊರೊನಾ ವೈರಸ್ ರಟ್ಟಿನ ಮೇಲೆ ಒಂದು ದಿನ, ಪ್ಲಾಸ್ಟಿಕ್ ಮತ್ತು ಸ್ಟೀಲಿನ ಮೇಲೆ ಮೂರು ದಿನದವರೆಗೆ ಕಂಡಿತ್ತು. ಅದಕ್ಕೇ ಹಾಗೆ ಕಾಯುತ್ತಿದ್ದದ್ದು. ಬಿಚ್ಚಿದ ಮೇಲೆ ಕೈ ತೊಳೆದುಕೊಳ್ಳಿ.

ಬಿಚ್ಚುವಾಗ ಮೊದಲ ಕತ್ತರಿಯಿಂದ ಕೊನೇವರೆಗೆ ನಿಲ್ಲಿಸದೆ ವಿಡಿಯೋ ಮಾಡಿ. ಮುರಿದು ಬಂದರೆ ಅದೇ ಸಾಕ್ಷಿ. ತುಂಬಿದ ಕಾಗದವನ್ನು ತಕ್ಷಣ ಎಸೆಯಬೇಡಿ, ಉದುರಿದ ಸಣ್ಣ ಚಕ್ರ, ಕೀ ಅದರಲ್ಲೇ ಸಿಕ್ಕಿಕೊಂಡಿರುತ್ತದೆ. ಸ್ಪ್ರಿಂಗ್ ಇರುವುದಕ್ಕೆ ಬಂದ ಕೂಡಲೇ ಪೂರ್ತಿ ಕೀ ಕೊಡಬೇಡಿ. ಒಂದೆರಡು ಸುತ್ತು ಕೊಟ್ಟು ಬಿಟ್ಟು ನೋಡಿ.

ಒಣಗಿದ ಮೆತ್ತನೆ ಬ್ರಷ್‌ನಲ್ಲಿ ದೂಳು ತೆಗೆದರೆ ಸಾಕು. ಹಿತ್ತಾಳೆ ಕುದುರೆ, ಗಾಡಿಗಳಿಗೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹೊಳಪು ಬರುತ್ತದೆ, ಬೆಲೆ ಇಳಿಯುತ್ತದೆ. ಹಳೇ ಬಣ್ಣಗಳಲ್ಲಿ ಸೀಸ ಇರಬಹುದು. ಮಕ್ಕಳ ಕೈಗೆ ಕೊಡಬೇಡಿ, ಬಣ್ಣ ಉಜ್ಜಬೇಡಿ.

10. ಇಡುವುದು

ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದವರಿಗೆ ದೂಳಿನದೇ ಕಾಟ. ಗಾಜಿನ ಬಾಗಿಲಿನ ಕಪಾಟು ಇದ್ದರೆ ಆಯಿತು, ಬಿಸಿಲು ನೇರ ಬೀಳದಂತೆ ನೋಡಿಕೊಳ್ಳಿ.

ಮಲೆನಾಡಿನವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪರೀಕ್ಷೆ. ಗಾಳಿಯ ತೇವ ಶೇ 65 ದಾಟಿ ಹಾಗೇ ನಿಂತರೆ ಡಬ್ಬದ ರಟ್ಟಿಗೆ ಬೂಷ್ಟು ಬರುತ್ತದೆ, ತಗಡಿಗೆ ತುಕ್ಕು. ಕಪಾಟಿನೊಳಗೆ ತೇವ ಅಳೆಯುವ ಸಣ್ಣ ಮೀಟರ್ ಇಡಿ, ಶೇ 50ರ ಆಸುಪಾಸಿನಲ್ಲಿ ಇರಲಿ. ಮಳೆ ಹೊಡೆಯುವ ಹೊರಗೋಡೆಗೆ ಕಪಾಟು ತಾಗಿಸಬೇಡಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡುವುದು ಅಗ್ಗದ ದಾರಿ. ಬಣ್ಣ ಬದಲಿಸುವ ಜೆಲ್ ಕೊಂಡರೆ ತೇವ ಕುಡಿದದ್ದು ಗೊತ್ತಾಗುತ್ತದೆ. ಆಗ ಬಿಸಿ ಮಾಡಿ ಒಣಗಿಸಿ, ಆದರೆ ಅಡುಗೆಯ ಪಾತ್ರೆಯಲ್ಲಿ ಬೇಡ. ಮಳೆಗಾಲಕ್ಕೆ ಮುಂಚೆ ಒಣ ದಿನ ನೋಡಿಯೇ ಡಬ್ಬ ಮುಚ್ಚಿ. ತೇವದ ಗಾಳಿಯನ್ನು ಒಳಗೆ ಹಾಕಿ ಮುಚ್ಚಿದರೆ ಏನು ಪ್ರಯೋಜನ?

ನುಸಿಗುಳಿಗೆ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಡಬ್ಬಕ್ಕೆ ರಬ್ಬರ್ ಬ್ಯಾಂಡ್ ಬೇಡ. ಸುತ್ತಲು ನ್ಯೂಸ್‌ಪೇಪರ್ ಬೇಡ, ಅದರ ಆಮ್ಲ ರಟ್ಟನ್ನು ಹಳದಿ ಮಾಡುತ್ತದೆ. ಹೊಸದಾಗಿ ಬಂದ ಮರದ ಗೊಂಬೆಯನ್ನು ಒಂದು ತಿಂಗಳು ಬೇರೆ ಡಬ್ಬದಲ್ಲಿ, ಬಿಳಿ ಕಾಗದದ ಮೇಲೆ ಇಡಿ. ಕಾಗದದ ಮೇಲೆ ಪುಡಿ ಉದುರಿದ್ದರೆ ಒಳಗೆ ಕೊರೆಯುವ ಹುಳು ಇದೆ, ಉಳಿದವುಗಳ ಜೊತೆ ಸೇರಿಸಬೇಡಿ.

ಹಳೇ ಗೊಂಬೆಯನ್ನು ಮೂಗಿನ ಹತ್ತಿರ ತಂದಾಗ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್ ಇರಬೇಕು, ಅಂದರೆ ಕರ್ಪೂರ ಬೆರೆಸಿ ಮಾಡಿದ ಮೊದಲ ಕಾಲದ ಪ್ಲಾಸ್ಟಿಕ್. ಬೆಂಕಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಇದನ್ನು ಗಾಳಿಯಾಡುವ ಕಡೆ, ಬಿಗಿ ಡಬ್ಬ ಬಿಟ್ಟು, ಬೇರೆಯಾಗಿಯೇ ಇಡಬೇಕು. ನವರಾತ್ರಿಗೆ ಗೊಂಬೆ ಕೂರಿಸುವಾಗ ದೀಪದ ಸಾಲಿನ ಹತ್ತಿರ ಅದನ್ನು ತರಲೇಬೇಡಿ.